ಕಾಲುವೆ ಸೀಮೆಯಿಂದ ಎಲ್ಬೆ ತೀರಕ್ಕೆ

ರಾಯಚೂರು ಜಿಲ್ಲೆಯಲ್ಲಿ ಗೊರೇಬಾಳ ಎಂದರೆ ‘ಯಾವ ಗೊರೇಬಾಳ?’ ಎಂಬ ಮರುಪ್ರಶ್ನೆ ಬರುತ್ತದೆ. ಸಿಂಧನೂರಿನ ಕಡೆಗೊಂದು ಇದೆ, ಲಿಂಗಸುಗೂರಿನ ಕಡೆಗೊಂದು. ಇಲ್ಲಿ ಹೇಳುತ್ತಿರುವುದು ಸಿಂಧನೂರಿನ ಕಡೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅಷ್ಟರೊಳಗೆ ಈ ಸೀಮೆಯ ಮಕ್ಕಳು ವಿಮಾನ ಹತ್ತಿ ಹೊರದೇಶದ ಕಾಲೇಜುಗಳನ್ನು ಸೇರಿಯಾಗಿತ್ತು.

ಇಂಜಿನಿಯರಿಂಗ್ ಮುಗಿಸಿದವರ ಬಾಯಲ್ಲಿ ಈಗ ಹೆಚ್ಚಾಗಿ ಕೇಳುವ ಹೆಸರು ಜರ್ಮನಿ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದೇ ದೊಡ್ಡ ಆಕರ್ಷಣೆ. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಅಲ್ಲಿನ ಖಾತೆಯೊಂದರಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಹತ್ತು ಲಕ್ಷ ರೂಪಾಯಿಗೂ ಮೇಲೆ. ‘ಫೀಸು ಇಲ್ಲಂದ್ರ ಇಷ್ಟು ರೊಕ್ಕ ಯಾಕ ಇಡಬೇಕು?’ ಎಂದು ಅಪ್ಪ ಕೇಳುವುದು ಸಹಜವೇ. ಆ ಹಣ ಯಾರಿಗೂ ಹೋಗುವುದಿಲ್ಲ, ತಿಂಗಳಿಗೆ 992 ಯೂರೋದಂತೆ ಮಗನ ಕೈಗೇ ಬರುತ್ತದೆ ಎಂದು ತಿಳಿಹೇಳುವಷ್ಟರಲ್ಲಿ ಮಗನಿಗೆ ಸಾಕಾಗಿರುತ್ತದೆ. ಆದರೂ ಹೊಂದಿಸಬೇಕಾದವರು ಅಪ್ಪನೇ. ಬೆಳೆಯ ಭರವಸೆ ಎಷ್ಟರದು ಎಂಬುದನ್ನು 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಕಂಡಿದೆ. ಕಾಲುವೆ ಬತ್ತಿದರೆ ಬ್ಯಾಂಕಿನ ಸಾಲದ ಕಂತು ನಿಲ್ಲುವುದಿಲ್ಲ.

ಉದಾಹರಣೆಗೆ ಮ್ಯಾಗ್ಡೆಬರ್ಗ್ ಪಟ್ಟಣವನ್ನೇ ತೆಗೆದುಕೊಳ್ಳಿ. ವಿಜ್ಞಾನ ಓದಿದವರಿಗೆ ಹೆಸರು ಹೊಸದಲ್ಲ. ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ಹೊರತೆಗೆದು, ಕುದುರೆಗಳನ್ನು ಕಟ್ಟಿ ಎಳೆಸಿದರೂ ಬೇರ್ಪಡಲಿಲ್ಲ ಎಂಬ ಪಾಠ ನೆನಪಿರಬೇಕು. ಆ ಪ್ರಯೋಗ ಮಾಡಿದ ಆಟೋ ಫಾನ್ ಗೆರಿಕೆ ಈ ಊರಿನ ಮೇಯರ್ ಆಗಿದ್ದವನು. ಎಲ್ಬೆ ನದಿಯ ದಂಡೆಯ ಈ ಊರಿನ ವಿಶ್ವವಿದ್ಯಾಲಯಕ್ಕೆ ಅವನದೇ ಹೆಸರು. ಭಾರತದ ವಿದ್ಯಾರ್ಥಿಗಳು ಇಲ್ಲಿ ಬಹಳ.

ಪಾಠಗಳು ಶುರುವಾಗುವುದು ಅಕ್ಟೋಬರ್‌ನಲ್ಲಿ. ಸ್ವಲ್ಪ ಮುಂಚೆ ಬಂದಿಳಿದ ವಿದ್ಯಾರ್ಥಿಗೆ ಮೊದಲು ತಟ್ಟುವುದು ಚಳಿಯಲ್ಲ, ಸದ್ದಿಲ್ಲದಿರುವಿಕೆ. ಟ್ರ್ಯಾಕ್ಟರಿನ ಸದ್ದು, ಬಸ್ಸಿನ ಹಾರನ್ನು, ಗುಡಿಯ ಮೈಕು ಕೇಳಿ ಬೆಳೆದ ಕಿವಿಗೆ ಆ ಬೀದಿಗಳು ಊರು ಖಾಲಿಯಾದಂತೆ ಕಾಣುತ್ತವೆ. ಶನಿವಾರ ರಾತ್ರಿ ಬಂದಿಳಿದವನ ಪಾಡಂತೂ ಕೇಳಬಾರದು. ಭಾನುವಾರ ಅಂಗಡಿಗಳೆಲ್ಲ ಬಂದ್. ಅಂದು ಕೈಹಿಡಿಯುವುದು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. (ತುಪ್ಪ, ಪೇಡೆ ಕಟ್ಟಬೇಡಿ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನಿಂದ ತರಲು ಯೂರೋಪಿನಲ್ಲಿ ಬಿಡುವುದಿಲ್ಲ.) ಸೋಮವಾರ ಅಂಗಡಿಗೆ ಹೋದರೆ ರಟ್ಟಿನ ಡಬ್ಬಿಯಲ್ಲಿ, ತೂತಿರುವ ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಅಕ್ಕಿ. ಚೀಲದ ಸಮೇತ ಕುದಿಯುವ ನೀರಿಗೆ ಇಳಿಬಿಡಬೇಕಂತೆ! ಲಾರಿಗಟ್ಟಲೆ ಭತ್ತ ಕಳಿಸುವ ಸೀಮೆಯವನು ಅದನ್ನು ಕೈಯಲ್ಲಿ ಹಿಡಿದು ಬೆಲೆ ಲೆಕ್ಕ ಹಾಕುತ್ತ ನಿಲ್ಲುತ್ತಾನೆ. ಕೋಣೆಯ ಬಾಗಿಲು ಎಳೆದ ಕೂಡಲೇ ತಾನಾಗಿ ಲಾಕ್ ಆಗುತ್ತದೆ ಎಂಬ ಪಾಠ ಬೇರೆ. ಕೀಲಿ ಒಳಗೆ, ತಾನು ಹೊರಗೆ ಎಂಬ ಸ್ಥಿತಿ ಒಮ್ಮೆಯಾದರೂ ಬರುತ್ತದೆ. ಬಾಗಿಲು ತೆರೆಯಲು ಬರುವವನ ಕೂಲಿ ಕೇಳಿದರೆ ಎರಡನೆಯ ಸಲ ಮರೆಯುವುದಿಲ್ಲ.

ಇವೆಲ್ಲ ನಗುವ ಸಂಗತಿಗಳು. ನಗಲು ಬಾರದ್ದು ಕಾಗದಪತ್ರ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂದು ಕಾನೂನಿದೆ. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ಮುಂದೆ ವಾಸದ ಪರವಾನಗಿಯಿಂದ ಹಿಡಿದು ಎಷ್ಟೋ ಕೆಲಸಕ್ಕೆ ಆ ನೋಂದಣಿ ಚೀಟಿಯನ್ನೇ ಕೇಳುತ್ತಾರೆ. ಕೋಣೆ ಸಿಗದೆ ಗೆಳೆಯರ ರೂಮಿನ ನೆಲದ ಮೇಲೆ ಮಲಗಿದವನ ಹೆಸರು ಯಾವ ಪುಸ್ತಕದಲ್ಲೂ ಏರುವುದಿಲ್ಲ. ಆದ್ದರಿಂದ ಹೊರಡುವ ಮುಂಚೆ ಹೊಸ ಸೂಟ್‌ಕೇಸಿಗಿಂತ ಹಾಸ್ಟೆಲ್ ಕೋಣೆಯ ಅರ್ಜಿಯ ಬಗ್ಗೆ ಯೋಚಿಸುವುದು ಮೇಲು. ಸೀಟು ಸಿಕ್ಕ ದಿನವೇ ಅರ್ಜಿ ಹೋಗಬೇಕು.

ಹೊಸ ನೆಲಕ್ಕೆ ಬಂದವರ ಪಾಡು ಗೊರೇಬಾಳದ ಸೀಮೆಗೆ ಹೊಸದೇನಲ್ಲ. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಇಲ್ಲಿ ಜಮೀನು ಮಾಡಿ ಕ್ಯಾಂಪುಗಳನ್ನು ಕಟ್ಟಿದರು. ಭಾಷೆ ಬೇರೆ, ಊಟ ಬೇರೆ. ಇಂದು ಅವರ ಮೊಮ್ಮಕ್ಕಳು ರಾಯಚೂರಿನ ಕನ್ನಡವನ್ನೇ ಆಡುತ್ತಾರೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ 1970ರ ದಶಕದಲ್ಲಿ ಸಿಂಧನೂರಿನ ಬಳಿ ನೆಲೆ ಕೊಡಲಾಯಿತು. ಅವರಲ್ಲಿ ಕೆಲವರಿಗೆ ಪೌರತ್ವದ ಕಾಗದ ಕೈಗೆ ಬಂದದ್ದು 2024ರಲ್ಲಿ. ಅವರ ನೆರೆಯಲ್ಲಿ ಬೆಳೆದವನಿಗೆ ಒಂದು ಚೀಟಿಯ ತೂಕ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ತರಗತಿಯ ರೀತಿಯೂ ಬೇರೆ. ಹತ್ತು ಗಂಟೆಯ ಪಾಠ ಅನೇಕ ಕಡೆ ಹತ್ತೂಕಾಲಿಗೆ ಶುರುವಾಗುತ್ತದೆ. ಅದು ತಡವಲ್ಲ, ಹಳೆಯ ಸಂಪ್ರದಾಯ. ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕು ಬಡಿಯುತ್ತಾರೆ. ಮೊದಲ ಸಲ ಕೇಳಿದವನು ಗಲಾಟೆ ಎಂದುಕೊಳ್ಳುತ್ತಾನೆ. ಅದು ಮೇಷ್ಟರಿಗೆ ಚಪ್ಪಾಳೆ! ಹಾಜರಿ ಕರೆಯುವವರು ಕಡಿಮೆ, ‘ಯಾಕಪ್ಪಾ ಬರಲಿಲ್ಲ’ ಎಂದು ಕೇಳುವವರೂ ಇಲ್ಲ. ಇಲ್ಲೇ ಅಪಾಯ. ಪರೀಕ್ಷೆಗೆ ಸಾಮಾನ್ಯವಾಗಿ ವಿದ್ಯಾರ್ಥಿಯೇ ಗಡುವಿನೊಳಗೆ ಹೆಸರು ಕೊಡಬೇಕು. ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರರಲ್ಲೂ ಸೋತರೆ ಕೋರ್ಸನ್ನೇ ಬಿಡಬೇಕಾಗಬಹುದು. ‘ಬ್ಯಾಕ್‌ಲಾಗ್ ಮುಂದಿನ ವರ್ಷ ತೆಗೆದರಾಯಿತು’ ಎಂಬ ನಮ್ಮ ಕಾಲೇಜಿನ ಧೈರ್ಯ ಅಲ್ಲಿ ನಡೆಯದು. ಮೊದಲ ಸೆಮಿಸ್ಟರಿನಲ್ಲೇ ಆರು ವಿಷಯ ಹೊತ್ತುಕೊಳ್ಳುವವರು ಇದನ್ನು ಗಮನಿಸಬೇಕು.

ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆಯಾಗುತ್ತದೆ. ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಅವ್ವ ಫೋನು ಮಾಡಿದರೆ ಅಲ್ಲಿ ನಾಲ್ಕೂವರೆ. ಮಗ ತರಗತಿಯಲ್ಲಿ, ಫೋನು ಮೂಕ. ಎತ್ತಲಿಲ್ಲವೆಂದರೆ ಗೊರೇಬಾಳದಲ್ಲಿ ಆ ರಾತ್ರಿ ನಿದ್ದೆಯಿಲ್ಲ. ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಕಾಗದ ಹಡಗಿನಲ್ಲೋ ಆಗಿನ ವಿಮಾನ ಟಪಾಲಿನಲ್ಲೋ ದಾಟಿ ಬರಬೇಕಿತ್ತು, ಮನೆಯವರು ಕಾದಿದ್ದರು. ಈಗ ಅರ್ಧ ಗಂಟೆಯೂ ಕಾಯಲಾಗುವುದಿಲ್ಲ. ಹೆತ್ತವರನ್ನು ದೂರಿ ಫಲವಿಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ಯುದ್ಧಕ್ಕೆ ಬಲಿಯಾದದ್ದನ್ನು ಅವರು ಟಿ.ವಿ.ಯಲ್ಲಿ ನೋಡಿದ್ದಾರೆ. ಇದೇ ಮ್ಯಾಗ್ಡೆಬರ್ಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ 2024ರ ಡಿಸೆಂಬರ್ 20ರಂದು ಒಬ್ಬ ಕಾರು ನುಗ್ಗಿಸಿದಾಗ ಆರು ಜನ ಸತ್ತರು. ಗಾಯಗೊಂಡವರಲ್ಲಿ ಏಳು ಮಂದಿ ಭಾರತೀಯರು. ವಾರಕ್ಕೆ ಎರಡು ದಿನ, ಇಂಥ ಹೊತ್ತು ಎಂದು ಗೊತ್ತು ಮಾಡಿಕೊಂಡ ಮನೆಗಳಲ್ಲಿ ಎರಡೂ ಕಡೆ ಸಮಾಧಾನ ಹೆಚ್ಚು.

ಡಿಸೆಂಬರ್ ಹೊತ್ತಿಗೆ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಅಷ್ಟರಲ್ಲಿ ಬಹಳ ಮಂದಿ ಸಣ್ಣ ಕೆಲಸ ಹಿಡಿದಿರುತ್ತಾರೆ. ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನ ದುಡಿಯಲು ಕಾನೂನು ಬಿಡುತ್ತದೆ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದೋ, ಹೋಟೆಲಿನ ಅಡಿಗೆಮನೆಯೋ. ಇದನ್ನು ಊರಿಗೆ ಹೇಳುವುದು ಹೇಗೆ ಎಂಬುದೇ ಕೆಲವರಿಗೆ ಚಿಂತೆ. ಅಪ್ಪನಿಗೆ ತಿಳಿದರೂ ಚಹಾದಂಗಡಿಯಲ್ಲಿ ಬಾಯಿ ಬಿಡುವುದಿಲ್ಲ, ‘ಓದಾಕ ಹೋಗ್ಯಾನ’ ಎಂದಷ್ಟೇ ಹೇಳುತ್ತಾನೆ. ಅವ್ವನಿಗೆ ಮಾತ್ರ ಅದು ನಂಬಲಾಗದ ಸುದ್ದಿ: ‘ಮನ್ಯಾಗ ಉಂಡ ತಾಟು ಎತ್ತಿಡ್ಲಿಲ್ಲ, ಅಲ್ಲಿ ಮಂದಿ ತಾಟು ತೊಳಿಯಾಕತ್ಯಾನ?’