ದೀಪ ಆರಿಸಿ ಹೋಗುವ ದಾರಿ

ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದ ಮರೀನಾದಿಂದ ಒಮಾನಿನ ಸಲಾಲಾ ಬಂದರಿಗೆ ಸುಮಾರು 1,350 ನಾಟಿಕಲ್ ಮೈಲಿ. ಗಂಟೆಗೆ ಐದು ಮೈಲಿಯಂತೆ ಸಾಗುವ ಹಾಯಿಯ ಯಾಟಿಗೆ ಹನ್ನೊಂದು ಹನ್ನೆರಡು ದಿನದ ದಾರಿ. ಜನವರಿ, ಫೆಬ್ರುವರಿಯಲ್ಲಿ ಈಶಾನ್ಯ ಮಾರುತ ಬಲಮಗ್ಗುಲಿನಿಂದ ಹದವಾಗಿ ಬೀಸುತ್ತದೆ. ಮಳೆಗಾಲದಲ್ಲಿ ಮಲ್ಪೆ, ಕಾರವಾರದ ಬೋಟುಗಳನ್ನು ದಡದಲ್ಲಿ ಕೂರಿಸುವ ಅರಬ್ಬಿ ಸಮುದ್ರವೇ ಇದು ಎಂದು ನಂಬುವುದು ಕಷ್ಟ. ಕಡಲು ಇಷ್ಟು ಸಾಧುವಾಗಿರುವುದರಿಂದಲೇ ಇರಬೇಕು, ಈ ದಾರಿಯಲ್ಲಿ ಹೋಗುವವರ ಭಯವೆಲ್ಲ ಮನುಷ್ಯರ ಮೇಲೆಯೇ ನೆಟ್ಟಿರುತ್ತದೆ. ನಾವು ಕನ್ನಡದಲ್ಲಿ ಸುರಕ್ಷತೆ, ಭದ್ರತೆ ಎಂಬ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಆಡುತ್ತೇವೆ. ಬಂದರು ಬಿಟ್ಟ ಮೇಲೆ ಇವೆರಡೂ ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ. ಮುಳುಗದೆ ಉಳಿಯಬೇಕಾದರೆ ಎಲ್ಲರಿಗೂ ಕಾಣಿಸಬೇಕು. ಕಳ್ಳರಿಂದ ಉಳಿಯಬೇಕಾದರೆ ಯಾರಿಗೂ ಕಾಣಿಸಬಾರದು. ಯಾವುದಕ್ಕೆ ಯಾವಾಗ ತಲೆಬಾಗಬೇಕು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಈ ದಾರಿಯಲ್ಲಿ ಸಾಗುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನನ್ನ ಒಲವು ಕಾಣಿಸಿಕೊಳ್ಳುವ ಕಡೆಗೆ.

ಕೊಚ್ಚಿಯ ಅಳಿವೆ ದಾಟಿ ಲಕ್ಷದ್ವೀಪದತ್ತ ತಿರುಗಿದರೆ ಆ ಒಲವಿಗೆ ಕಾರಣ ಕಣ್ಣೆದುರೇ ಇದೆ. ಮಲಕ್ಕಾದಿಂದ ಸೂಯೆಜ್ ಕಡೆಗೆ ಹೋಗುವ ಹಡಗುಗಳ ಹೆದ್ದಾರಿ ಮಿನಿಕಾಯ್ ದ್ವೀಪದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಯಾಟಿನ ಚುಕ್ಕಾಣಿ ಹಿಡಿದು ಕೂತವನ ಕಣ್ಣು ನೀರಿನಿಂದ ಎರಡು ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತ ಮೂರೇ ಮೈಲಿ ದೂರ. ದೊಡ್ಡ ಹಡಗಿನ ಮೇಲ್ಭಾಗ ಎಂಟು ಮೈಲಿಯಿಂದಲೇ ಕಂಡಿತು ಎನ್ನೋಣ. ಅದು ಗಂಟೆಗೆ 20 ಮೈಲಿ, ನಾವು 5. ಎದುರುಬದುರಾದರೆ ನಡುವೆ ಉಳಿಯುವುದು ಹತ್ತೊಂಬತ್ತು ನಿಮಿಷ. ಒಲೆಯ ಮೇಲೆ ಅನ್ನಕ್ಕಿಟ್ಟು ಬರುವಷ್ಟು ಹೊತ್ತು. ಹಡಗಿನವರಿಗೆ ನಾವು ಕಾಣುತ್ತೇವೆಯೇ? ಫೈಬರ್ ಮೈಯ ಯಾಟು ರೇಡಾರಿನ ಅಲೆಗಳನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ. ಅಲೆ ಎದ್ದಾಗ ನೀರಿನ ಗದ್ದಲದಲ್ಲೇ ಕರಗಿಹೋಗುತ್ತದೆ. ಹೀಗಾಗಿ ಹಾಯಿಕಂಬದ ತುದಿಯ ದೀಪ, ಅಲ್ಲೇ ಕಟ್ಟುವ ರೇಡಾರ್ ಪ್ರತಿಫಲಕ, ತನ್ನ ಹೆಸರನ್ನೂ ಇರುವ ಜಾಗವನ್ನೂ ಸಾರುತ್ತಲೇ ಇರುವ ಎಐಎಸ್ ಯಂತ್ರ, ಹದಿನಾರನೇ ಚಾನೆಲ್ಲಿನಲ್ಲಿ ಕಿವಿ ತೆರೆದ ವಿಎಚ್‌ಎಫ್ ರೇಡಿಯೊ: ಇವು ನಾಲ್ಕೂ ಕೂಗುವ ಸಾಧನಗಳೇ. ಕೂಗದ ದೋಣಿಗೆ ಏನಾಗುತ್ತದೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲಡಿಯಲ್ಲಿ ಸಿಕ್ಕಿದ್ದು ನಾಲ್ಕೂವರೆ ತಿಂಗಳ ನಂತರ, 2019ರ ಮೇ ತಿಂಗಳಿನಲ್ಲಿ. ಮುಳುಗಿದ ಕಾರಣದ ಬಗ್ಗೆ ಏನೇ ವಾದಗಳಿರಲಿ, ಮುಳುಗುವ ಹೊತ್ತಿಗೆ ಅದರ ಕೂಗು ಯಾರಿಗೂ ತಲುಪಲಿಲ್ಲ ಎಂಬುದಂತೂ ದಿಟ.

ತಲುಪಿದ ಕೂಗಿನ ಕಥೆಯೂ ಅದೇ ವರ್ಷದ್ದು. ಒಂಟಿಯಾಗಿ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದ ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿಯ ಹಾಯಿಕಂಬಗಳು 2018ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಮುರಿದುಬಿದ್ದವು. ಬೆನ್ನಿಗೆ ಪೆಟ್ಟಾಗಿ ಏಳಲಾಗದ ಅವರು ಇದ್ದದ್ದು ಆಸ್ಟ್ರೇಲಿಯಾದ ಪರ್ತ್‌ನಿಂದ 1,900 ಮೈಲಿ ದೂರದ, ಹಕ್ಕಿಗಳೂ ಅಪರೂಪವಾದ ದಕ್ಷಿಣದ ನೀರಿನಲ್ಲಿ. ಆದರೂ ಮೂರು ದಿನದೊಳಗೆ ಫ್ರೆಂಚ್ ಹಡಗೊಂದು ಅವರನ್ನು ಎತ್ತಿಕೊಂಡಿತು. ಇಂಥ ಕೂಗನ್ನು ಹೊರುವ ಪೆಟ್ಟಿಗೆಗೆ ಇಪಿಐಆರ್‌ಬಿ ಎಂದು ಹೆಸರು. ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ನಾವೀಗ ದಾಟುತ್ತಿರುವ ಸಮುದ್ರದಿಂದ ಹೊರಟ ಸುದ್ದಿ ಭಾರತದಲ್ಲಿ ಇಳಿಯುವುದು ಕಡಲ ಗಾಳಿಯೇ ಸೋಕದ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ. ಅಲ್ಲಿಂದ ಕರಾವಳಿ ಕಾವಲು ಪಡೆಗೆ. ದುಬಾರಿ ಪೆಟ್ಟಿಗೆ ಕೊಂಡವರು ಬಹಳ ಮಂದಿ. ಅದರ ಹದಿನೈದು ಅಕ್ಷರದ ಗುರುತನ್ನು ನೋಂದಾಯಿಸಿ, ಬ್ಯಾಟರಿಯ ಅವಧಿ ನೋಡಿ, ದೋಣಿ ಮಾರಿದಾಗ ಹೆಸರು ಬದಲಿಸಿದವರು ಅಷ್ಟಿರಲಾರರು. ನೋಂದಣಿಯಾಗದ ಪೆಟ್ಟಿಗೆಯೂ ಕೂಗುತ್ತದೆ, ನಿಜ. ಆದರೆ ಯಾರು ಕೂಗುತ್ತಿದ್ದಾರೆ, ದೋಣಿ ಎಂಥದ್ದು, ಮನೆಯವರಿಗೆ ಫೋನು ಮಾಡುವುದು ಹೇಗೆ ಎಂಬುದು ತಿಳಿಯುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಕಚೇರಿಯಲ್ಲಿ ಕೂತವರ ಪಾಲಿಗೆ ಬರುತ್ತದೆ.

ಇಲ್ಲಿಗೆ ಬಂದಾಗ ನಮ್ಮ ದೇಶದ್ದೇ ಒಂದು ತೊಡಕು ಎದುರಾಗುತ್ತದೆ. ಥುರಾಯಾ, ಇರಿಡಿಯಂ ಉಪಗ್ರಹ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ಹೊರದೇಶದ ಯಾಟಿನವನಿಗೆ ಅದು ಜೀವ ಉಳಿಸುವ ಸಾಧನ, ಬಂದರಿನ ಅಧಿಕಾರಿಗೆ ಅನುಮಾನದ ವಸ್ತು. ಅನುಮಾನಕ್ಕೆ ಕಾರಣವಿಲ್ಲದಿಲ್ಲ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಹಂತಕರು ಕುಬೇರ್ ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡೇ ಬಂದರು. ಬಿಟ್ಟುಹೋದ ಬೋಟಿನಲ್ಲಿ ಸಿಕ್ಕಿದ್ದು ಉಪಗ್ರಹ ಫೋನೇ. ಹಾಗಾಗಿ ನಿಯಮವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಫೋನನ್ನು ಮುಚ್ಚಿಡದೆ ಬಂದರಿಗೆ ಬಂದ ದಿನವೇ ಪಟ್ಟಿಯಲ್ಲಿ ಬರೆಸುವುದು ಜಾಣತನ. ಇಲ್ಲಿಯೂ ಬಯಲಾಗಿರುವವನಿಗೇ ಕಷ್ಟ ಕಡಿಮೆ.

ಈಗ ಎದುರುವಾದ. ಏಡನ್ ಕೊಲ್ಲಿಯ ಕಡೆ ಹೋಗುವವರು ಎಐಎಸ್ ನಿಲ್ಲಿಸಿ, ದೀಪ ಆರಿಸಿ, ರೇಡಿಯೊದಲ್ಲಿ ತುಟಿ ಬಿಚ್ಚದೆ ಸಾಗಬೇಕೆಂಬುದು ಹಳೆಯ ರೂಢಿ. ಅದರ ಹಿಂದೆ ರಕ್ತದ ನೆನಪಿದೆ. 2009ರಲ್ಲಿ ಸೆಶೆಲ್ಸ್‌ನಿಂದ ಹೊರಟ ಲಿನ್ ರೈವಲ್ ಎಂಬ ಯಾಟಿನ ಬ್ರಿಟಿಷ್ ದಂಪತಿ ಸೊಮಾಲಿ ಕಡಲ್ಗಳ್ಳರ ಕೈಯಲ್ಲಿ 388 ದಿನ ಸೆರೆಯಿದ್ದರು. 2011ರ ಫೆಬ್ರುವರಿ 18ರಂದು, ನಮ್ಮ ದಾರಿಯದೇ ಸಮುದ್ರದಲ್ಲಿ, ಸಲಾಲಾ ಕಡೆಗೆ ಹೋಗುತ್ತಿದ್ದ ಕ್ವೆಸ್ಟ್ ಯಾಟು ಸಿಕ್ಕಿಬಿತ್ತು. ಅಮೆರಿಕದ ನಾಲ್ಕು ಯುದ್ಧನೌಕೆಗಳು ಬೆನ್ನಟ್ಟಿ ನಿಂತಿದ್ದರೂ ನಾಲ್ಕು ದಿನದ ಬಳಿಕ ಯಾಟಿನಲ್ಲಿದ್ದ ನಾಲ್ವರೂ ಗುಂಡಿಗೆ ಬಲಿಯಾದರು. ಹೀಗಿರುವಾಗ ಅಡಗುವುದು ತಪ್ಪೇ? ತಪ್ಪೆನ್ನಲಾರೆ, ಆದರೆ ಅದರಿಂದ ಸಿಗುವುದು ಎಷ್ಟೆಂದು ಲೆಕ್ಕ ಹಾಕಬೇಕು. ಸಣ್ಣ ದೋಣಿಯಲ್ಲಿ ಬರುವ ಕಡಲ್ಗಳ್ಳ ಬಹುಪಾಲು ಕಣ್ಣನ್ನೇ ನಂಬುತ್ತಾನೆ. ದಾಳಿಗಳು ಹೆಚ್ಚಾಗಿ ಬೆಳಗು ಬೈಗಿನ ಹೊತ್ತಿನಲ್ಲಿ ನಡೆಯುತ್ತವೆಂದು ಹಡಗುಗಳಿಗಾಗಿ ಬರೆದ ಕೈಪಿಡಿಗಳೇ ಹೇಳುತ್ತವೆ. ನಡುರಾತ್ರಿ ಆರಿಸಿದ ದೀಪ ಬೆಳಗಿನ ಬಿಳಿ ಹಾಯಿಯನ್ನು ಮುಚ್ಚಲಾರದು. ಅದೇ ಆರಿದ ದೀಪ ರಾತ್ರಿಯಿಡೀ ಹಡಗುಗಳ ಮೂತಿಯ ಕೆಳಗೆ ನಮ್ಮನ್ನು ಕಾಣದಂತೆ ಬಿಟ್ಟಿರುತ್ತದೆ. ಇನ್ನೊಂದು ತಮಾಷೆ ಇದೆ: ಎಐಎಸ್ ನಿಲ್ಲಿಸಿ ಸಾಗುವ ಕೆಲವರು ದಿನದಿನದ ತಮ್ಮ ಜಾಗವನ್ನು ನಕ್ಷೆ ಸಮೇತ ಅಂತರ್ಜಾಲದಲ್ಲಿ ಹಾಕುತ್ತಿರುತ್ತಾರೆ. ನಡುದಾರಿಯೊಂದಿದೆ. ಜಗತ್ತಿಗೆ ಹೇಳದೆ, ಹೇಳಬೇಕಾದವರಿಗೆ ಹೇಳುವುದು. ಈ ಭಾಗದ ಸಮುದ್ರಯಾನವನ್ನು ಗಮನಿಸುವ ಬ್ರಿಟಿಷ್ ನೌಕಾಪಡೆಯ ಯುಕೆಎಂಟಿಒ ಕಚೇರಿಗೆ ಪಯಣದ ವಿವರ ಮೊದಲೇ ಕೊಟ್ಟು, ದಾರಿಯುದ್ದಕ್ಕೂ ಜಾಗ ತಿಳಿಸುತ್ತಿರುವುದು. ಅದು ಅಡಗುವುದಲ್ಲ, ಆಯ್ದವರಿಗೆ ಕಾಣಿಸುವುದು.

ಬೀಗದ ಮಾತೂ ಹೀಗೆಯೇ. ಲಂಗರು ಹಾಕಿದ ರಾತ್ರಿ ಕಳ್ಳರ ಭಯಕ್ಕೆ ಮೇಲ್ಬಾಗಿಲಿಗೆ ಕಬ್ಬಿಣದ ಸರಳು ಜಡಿಯುವವರಿದ್ದಾರೆ. ಆದರೆ ಅಪಾಯ ಒಳಗೂ ಇರುತ್ತದೆ. ಅಡುಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ನೀರಿನಂತೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಹೊರಗಿನವನು ಒಳಬರದ ಬಾಗಿಲು ಒಳಗಿನವನು ಕತ್ತಲಲ್ಲಿ ಒಂದೇ ಕೈಯಿಂದ ತೆಗೆಯಲಾಗದ್ದಾದರೆ ಅದು ಪಂಜರ.

ಸಲಾಲಾ ಬಂದರಿನಲ್ಲಿ ಒಂದು ತೀರ್ಮಾನ ಆಗಬೇಕು. ಇಲ್ಲಿಂದ ಪಶ್ಚಿಮಕ್ಕೆ ಏಡನ್ ಕೊಲ್ಲಿ, ಬಾಬ್ ಎಲ್ ಮಂದೆಬ್, ಕೆಂಪು ಸಮುದ್ರ. 2011ರ ನಂತರ ಎಷ್ಟೋ ಯಾಟುಗಳ ಒಡೆಯರು ಮಾಲ್ಡೀವ್ಸ್‌ನಲ್ಲೇ ದೋಣಿಯನ್ನು ಸರಕು ಹಡಗಿನ ಮೇಲೇರಿಸಿ ಮೆಡಿಟರೇನಿಯನ್‌ಗೆ ಕಳಿಸಿದರು. ಇನ್ನು ಕೆಲವರು ಆಫ್ರಿಕದ ತುದಿಯನ್ನು ಬಳಸಿ ಹೋದರು. 2023ರ ನವೆಂಬರಿನಲ್ಲಿ ಯೆಮನ್‌ನ ಹೂತಿಗಳು ಹಡಗುಗಳ ಮೇಲೆ ದಾಳಿಗೆ ಇಳಿದ ಮೇಲೆ ದೊಡ್ಡ ಕಂಟೇನರ್ ಹಡಗುಗಳೇ ಅದೇ ಸುತ್ತುದಾರಿ ಹಿಡಿದವು. ಕ್ಷಿಪಣಿಯ ಕಣ್ಣಿಗೆ ದೀಪವೂ ಬೇಡ, ಎಐಎಸ್ಸೂ ಬೇಡ. ಅಡಗಿ ಹೋಗಲೇಬೇಕಾದ ನೀರಿನಲ್ಲಿ ಯಾಟಿಗೆ ಕೆಲಸವಿಲ್ಲ ಎಂಬುದು ನನ್ನ ಎಣಿಕೆ. ಅದಕ್ಕೇ ನಾನು ನಕಾಶೆಯನ್ನು ದಕ್ಷಿಣಕ್ಕೆ ತಿರುಗಿಸಿ, ಸೊಮಾಲಿಯಾದ ಕರಾವಳಿಯಿಂದ ಬಹುದೂರ ಸರಿದು ಮಡಗಾಸ್ಕರಿನ ಆಚೆಗೆ ಹೋಗುವ ಗೆರೆ ಎಳೆಯುತ್ತೇನೆ. ಸಾವಿರಾರು ಮೈಲಿ ಹೆಚ್ಚು, ಒಂದಿಡೀ ಹಂಗಾಮು ನಷ್ಟ, ಆಫ್ರಿಕದ ತುದಿಯ ಅಲೆಗಳ ಕಾಟ ಬೇರೆ. ಆ ದಾರಿಯುದ್ದಕ್ಕೂ ಕಂಬದ ತುದಿಯ ದೀಪ ಉರಿಯುತ್ತಲೇ ಇರಬಹುದು.