ವಿತ್‌ಡ್ರಾ ಅಂದರೆ ರದ್ದು ಅಲ್ಲ

2023ರ ಮೇ 19, ಶುಕ್ರವಾರ ಸಂಜೆ. ಮರುದಿನ ಸಿದ್ದರಾಮಯ್ಯನವರ ಪ್ರಮಾಣವಚನ, ನಾವೆಲ್ಲ ಅದೇ ಗಡಿಬಿಡಿಯಲ್ಲಿದ್ದೆವು. ಅಷ್ಟರಲ್ಲಿ ಫೋನಿಗೆ ರಿಸರ್ವ್ ಬ್ಯಾಂಕಿನ ಇಂಗ್ಲಿಷ್ ಪ್ರಕಟಣೆ ಬಂತು. 2000 ರೂಪಾಯಿ ನೋಟನ್ನು ಚಲಾವಣೆಯಿಂದ ‘ವಿತ್‌ಡ್ರಾ’ ಮಾಡುತ್ತೇವೆ ಅಂತ. ಮೊದಲ ಸಾಲು ಓದಿದವನೇ ಊರಿನ ವಾಟ್ಸಾಪ್ ಗುಂಪಿಗೆ ‘2000 ನೋಟು ರದ್ದು’ ಎಂದು ಹಾಕಿಬಿಟ್ಟೆ. ಎಲ್ಲರಿಗಿಂತ ಮೊದಲು ಹಾಕಿದೆ ಅನ್ನೋ ಖುಷಿ ಬೇರೆ.

ರದ್ದು ಅಂದರೆ ಏನು ಅಂತ ಜನಕ್ಕೆ ಗೊತ್ತು. 2016ರ ನವೆಂಬರ್ 8ರ ರಾತ್ರಿ ಹಳೇ 500, 1000ದ ನೋಟು ರದ್ದಾಗಿದ್ದವು. ಈ ಸಲ ಹಾಗಿರಲಿಲ್ಲ. ನೋಟಿನ ಕಾನೂನು ಮಾನ್ಯತೆ ಮುಂದುವರಿಯುತ್ತದೆ, ಮೇ 23ರಿಂದ ಸೆಪ್ಟೆಂಬರ್ 30ರವರೆಗೆ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಬಹುದು, ಒಂದು ಸಲಕ್ಕೆ 20,000 ರೂಪಾಯಿವರೆಗೆ ಅಂತ ಅದೇ ಪ್ರಕಟಣೆಯಲ್ಲಿ ಕೆಳಗೆ ಬರೆದಿತ್ತು. ಗಡುವನ್ನು ಆಮೇಲೆ ಅಕ್ಟೋಬರ್ 7ಕ್ಕೆ ಮುಂದೂಡಿದರು.

ನಮ್ಮ ದೊಡ್ಡಮ್ಮ ಆಡು ಮಾರಿದ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದರು. 2000ದ ನೋಟು ನಾಲ್ಕು. ಪಕ್ಕದ ಮನೆ ಹುಡುಗ ನನ್ನ ಮೆಸೇಜ್ ಓದಿ ಹೇಳಿದ್ದಾನೆ. ಭಾನುವಾರ ಸಂತೆಯಲ್ಲಿ ಯಾರೋ ಒಬ್ಬ ನೋಟಿಗೆ 1500ರಂತೆ ಕೊಟ್ಟು ನಾಲ್ಕನ್ನೂ ತಗೊಂಡು ಹೋದ. ಎರಡು ಸಾವಿರ ಹೋಯಿತು.

“ಯಾಕೆ ಕೊಟ್ಟೆ ದೊಡ್ಡಮ್ಮ?” ಅಂದೆ.

“ನೀನೇ ಬರೆದಿದ್ದಲ್ಲ ಮಗಾ.”

ಅವತ್ತು ರಾತ್ರಿ ಡಿಕ್ಷನರಿ ತೆಗೆದೆ, ಡಿಪ್ಲೊಮಾ ಮುಗಿದ ಮೇಲೆ ಮುಟ್ಟಿರಲಿಲ್ಲ. ‘ವಿತ್’ ಅಂದರೆ ಜೊತೆ ಅಂತ ಶಾಲೆಯಲ್ಲಿ ಕಲಿತವರು ನಾವು. ಈ ಪದದಲ್ಲಿ ಅದಕ್ಕೆ ಹಿಂದಕ್ಕೆ, ಆಚೆಗೆ ಅನ್ನೋ ಹಳೇ ಅರ್ಥ. ‘ಡ್ರಾ’ ಅಂದರೆ ಎಳೆ. ಹಿಂದಕ್ಕೆ ಎಳೆದುಕೊಳ್ಳುವುದು, ಅಷ್ಟೇ. ಖಾತೆಯಿಂದ ದುಡ್ಡು ವಿತ್‌ಡ್ರಾ ಮಾಡಿದರೆ ದುಡ್ಡು ಸಾಯುವುದಿಲ್ಲ, ಕೈಗೆ ಬರುತ್ತದೆ. ಸೇನೆ ವಿತ್‌ಡ್ರಾ ಆದರೆ ಸೈನಿಕರು ವಾಪಸ್ ಬಂದರು ಅಂತ. ನಾಮಪತ್ರದ ವಿಷಯ ಮಾತ್ರ ಬಿಗಿ: ವಿಧಾನಸಭೆ ಚುನಾವಣೆಯಲ್ಲಿ ಒಮ್ಮೆ ವಾಪಸ್ ಪಡೆದರೆ ಮತ್ತೆ ಮನಸ್ಸು ಬದಲಿಸುವ ಹಾಗಿಲ್ಲ. ಆ ತಿಂಗಳ ಹಿಂದಷ್ಟೇ ‘ನಾಮಪತ್ರ ವಾಪಸ್’ ಅಂತ ಸರಿಯಾಗೇ ವರದಿ ಮಾಡಿದ್ದೆ. ನೋಟಿಗೆ ಬಂದಾಗ ಕೈ ‘ರದ್ದು’ ಅಂತ ಬರೆಯಿತು.

ಗುಂಪಿನಲ್ಲಿ ತಿದ್ದುಪಡಿ ಹಾಕಿದೆ. ತಪ್ಪು ಸುದ್ದಿಯನ್ನು ಮೂರು ಊರಿಗೆ ಕಳಿಸಿದವರು ಇದನ್ನು ಓದಿ ಸುಮ್ಮನಾದರು. ದೊಡ್ಡಮ್ಮನಿಗೆ ಎರಡು ಸಾವಿರ ಕೊಡಲು ಹೋದರೆ ಒಂದೇ ಸಾವಿರ ತಗೊಂಡರು. “ಅರ್ಧ ತಪ್ಪು ನನ್ನದೂ ಐತೆ” ಅಂದರು.

ಈಗಲೂ ಪಿಂಚಣಿ ಬಂದಾಗ ಬ್ಯಾಂಕಿನ ವಿತ್‌ಡ್ರಾ ಫಾರಂ ನನ್ನ ಹತ್ತಿರವೇ ತುಂಬಿಸುತ್ತಾರೆ. ತುಂಬಿದ ಮೇಲೆ ಮಾತ್ರ ಪಕ್ಕದಲ್ಲಿ ನಿಂತವರಿಗೆ ಒಮ್ಮೆ ತೋರಿಸುತ್ತಾರೆ.