ಹಾಸು ಕೂಡಿಸುವವರ ಬೆರಳು

ಮಗ್ಗದ ಮುಂದೆ ಕೂತವರಿಗೆ ಇರುವುದು ಒಂದೇ ಪ್ರಶ್ನೆ. ಉದ್ದಕ್ಕೆ ಬಿಗಿದ ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೂತಿರಬೇಕು? ಎದ್ದ ಎಳೆಗಳ ಅಡಿಯಲ್ಲಿ ಲಾಳಿ ತೂರಿ ಹೊಕ್ಕಿನ ನೂಲನ್ನು ಅಡ್ಡಕ್ಕೆ ಬಿಟ್ಟುಹೋಗುತ್ತದೆ. ಲೋಕದ ನೇಯ್ದ ಬಟ್ಟೆಯೆಲ್ಲ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದಲೇ.

ಒಂದು ಬಿಟ್ಟು ಒಂದು ಎತ್ತಿದರೆ ಸಾದಾ ನೇಯ್ಗೆ. ನಮ್ಮ ಪಂಚೆ, ಖಾದಿ, ಕಂಬಳಿ ಎಲ್ಲ ಅದೇ. ಪ್ರತಿ ಸಾಲಿಗೂ ಎತ್ತುವ ಎಳೆಯನ್ನು ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಸುತ್ತ ಹೋದರೆ ಓರೆಗೆರೆ ಮೂಡುತ್ತದೆ, ಅದು ಟ್ವಿಲ್. ಜೀನ್ಸ್ ಪ್ಯಾಂಟನ್ನು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಇನ್ನು ಸ್ಯಾಟಿನ್ ಚೀನಾದಿಂದ ಬಂದದ್ದು. ಅದರಲ್ಲಿ ಎಳೆ ನಾಲ್ಕೈದನ್ನು ದಾಟಿ ಮೇಲೆಯೇ ತೇಲಿ ಒಮ್ಮೆ ಮಾತ್ರ ಕೆಳಗಿಳಿಯುತ್ತದೆ. ಅದರ ಹೊಳಪಿಗೆ ಕಾರಣ ಅದೇ, ಬಳೆಗೆ ಸಿಕ್ಕರೆ ಎಳೆ ಕಿತ್ತುಬರುವುದಕ್ಕೂ ಅದೇ ಕಾರಣ.

ಬಟ್ಟೆ ಮಣ್ಣಿನಲ್ಲಿ ಕೊಳೆತುಹೋಗುತ್ತದೆ, ಹಾಗಾಗಿ ಅದರ ಚರಿತ್ರೆ ಚೂರುಚೂರಾಗಿಯೇ ಸಿಗುತ್ತದೆ. ಚೆಕ್ ದೇಶದ ದೋಲ್ನಿ ವೆಸ್ಟೊನಿಟ್ಸೆಯಲ್ಲಿ ಸಿಕ್ಕ 25,000 ವರ್ಷಕ್ಕೂ ಹಳೆಯ ಸುಟ್ಟ ಜೇಡಿಮಣ್ಣಿನ ತುಣುಕುಗಳಲ್ಲಿ ಹೆಣೆದ ನಾರಿನ ಅಚ್ಚು ಉಳಿದಿದೆ. ಮೊಹೆಂಜೊದಾರೊದಲ್ಲಿ ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿಬಟ್ಟೆಯ ಚೂರೊಂದು ಲೋಹದ ಲವಣ ಇಳಿದದ್ದರಿಂದ ಬದುಕಿಕೊಂಡಿತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅದನ್ನು ನೇಯ್ದವರು ಯಾರೋ! ಅವರೂ ಇದೇ ಪ್ರಶ್ನೆ ಕೇಳಿಕೊಂಡೇ ಕೂತಿದ್ದರು ಅನ್ನುವುದು ನನಗೆ ದೊಡ್ಡ ಸಂತೋಷ.

ನೇಯ್ಗೆ ಅಂದರೆ ಎಲ್ಲರಿಗೂ ಲಾಳಿಯ ಓಟ ನೆನಪಾಗುತ್ತದೆ. ನನಗೆ ಅದಕ್ಕಿಂತ ಹಾಸಿನ ಮೇಲೆ ಗೌರವ ಹೆಚ್ಚು. ಎಳೆತವನ್ನೆಲ್ಲ ತಾಳುವುದು ಅದೇ. ಅದಕ್ಕಾಗಿ ಹತ್ತಿಯ ಹಾಸುನೂಲಿಗೆ ಗಂಜಿ ಉಣಿಸುತ್ತಾರೆ. ನಮ್ಮ ಕುರುಬರು ಕಂಬಳಿಯ ಉಣ್ಣೆಗೆ ಹುಣಸೆಬೀಜದ ಅಂಟು ಸವರುತ್ತಾರೆ. ಎಳೆ ಎಣಿಸುವುದು, ಬಿಗಿ ನೋಡುವುದು, ಕಡಿದದ್ದನ್ನು ಕೂಡಿಸುವುದು, ಹೀಗೆ ಬಟ್ಟೆಯ ಅರ್ಧ ಬದುಕು ಲಾಳಿ ಓಡುವ ಮೊದಲೇ ಮುಗಿದಿರುತ್ತದೆ. ಮುದನೂರಿನ ನೇಕಾರ ಶರಣ ದಾಸಿಮಯ್ಯ ನೇಯ್ದ ಬಟ್ಟೆಯನ್ನು ಜಂಗಮವೇಷದ ಶಿವ ಬೇಡಿ ಪಡೆದು ಹರಿದುಹಾಕಿದ ಕಥೆ ಎಲ್ಲರಿಗೂ ಗೊತ್ತು. ಕೇಳುವವರು ಆಮೇಲೆ ಸಿಕ್ಕ ತವನಿಧಿಯನ್ನು, ಆ ಬರಿದಾಗದ ಸಂಪತ್ತನ್ನು, ನೆನೆಯುತ್ತಾರೆ. ನನ್ನ ಮನಸ್ಸು ಆ ಹಾಸಿನ ಹಿಂದಿದ್ದ ದಿನಗಳ ಕಡೆಗೇ ಓಡುತ್ತದೆ. ಅಷ್ಟನ್ನೂ ಮರುಮಾತಿಲ್ಲದೆ ಕೊಟ್ಟನಲ್ಲ, ಅದು ನೇಕಾರನಿಗೆ ಮಾತ್ರ ಅರ್ಥವಾಗುವ ತ್ಯಾಗ.

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ, ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿ ಮಾಡಿದ. ನೇಯ್ಗೆ ಎಷ್ಟು ಚುರುಕಾಯಿತೆಂದರೆ ನೂಲುವವರು ನೂಲು ಪೂರೈಸಲಾರದೆ ಹೋದರು. ಆಮೇಲಿನ ಯಂತ್ರಗಳ ಕಥೆ ಬೇಡ. ವೇಗ ಮೊದಲು ಬಂದದ್ದು ಹೊಕ್ಕಿಗೆ ಅನ್ನುವುದಷ್ಟೇ ನನ್ನ ಮಾತು.

ಹಾಸಿನ ಕೆಲಸ ಇವತ್ತಿಗೂ ಬೆರಳಲ್ಲೇ ಉಳಿದಿರುವುದನ್ನು ನೋಡಬೇಕಾದರೆ ಇಳಕಲ್‌ಗೆ ಹೋಗಬೇಕು. ಅಲ್ಲಿನ ಸೀರೆಯ ಒಡಲು ಹೆಚ್ಚಾಗಿ ಹತ್ತಿ, ಸೆರಗು ಕೆಂಪು ರೇಷ್ಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ತೂರಿಸಿ ಎಳೆ ಎಳೆಯನ್ನೂ ಜೋಡಿಸುತ್ತಾರೆ. ಕೋಟೆಯ ತೆನೆಯ ಹಾಗೆ ಬಿಳಿ ಹಲ್ಲು ಮೂಡುವ ಆ ಸೆರಗಿಗೆ ಟೋಪ್ ತೆನಿ ಅನ್ನುತ್ತಾರೆ. ಬೇರೆ ಕಡೆ ಒಂದು ಹಾಸು ಏರಿಸಿದರೆ ಸಾಲಾಗಿ ಹಲವು ಸೀರೆ ಇಳಿಯುತ್ತವೆ. ಇಲ್ಲಿ ಪ್ರತಿ ಸೀರೆಗೂ ಕೂಡಿಸುವ ಕೆಲಸ ಹೊಸದಾಗಿ ಶುರು. ಮಗ್ಗಕ್ಕೆ ಮುಂಚಿನ ಇಂಥ ದುಡಿಮೆಯಲ್ಲಿ ಬಹುಪಾಲು ಮನೆಯ ಹೆಣ್ಣುಮಕ್ಕಳದು. ಸೀರೆ ಹೊಗಳುವಾಗ ಅವರ ಹೆಸರು ಬರುವುದೇ ಇಲ್ಲ, ಇದು ನನಗೆ ನೋವಿನ ಸಂಗತಿ.

ಇಳಕಲ್ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಿಂದ ಇದೆ. ಹಾಗಿದ್ದೂ ವಿದ್ಯುತ್ ಮಗ್ಗದ ಸೀರೆ ಅದೇ ಹೆಸರಲ್ಲಿ ಅಗ್ಗವಾಗಿ ಸಿಗುತ್ತದೆ. ಆದ್ದರಿಂದ ಕೊಳ್ಳುವಾಗ ಒಡಲು ಮುಗಿದು ಸೆರಗು ಹಿಡಿಯುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಕುಣಿಕೆಗಳು ಕೂಡಿದ ಸಣ್ಣ ಉಬ್ಬುಗೆರೆ ತಾಗಬೇಕು. ತಾಗದಿದ್ದರೆ, ಇದು ಕೂಡಿಸಿದ ಸೆರಗೋ ನೇರ ನೇಯ್ದದ್ದೋ ಎಂದು ಸಂಕೋಚವಿಲ್ಲದೆ ಕೇಳಿ.